ಗಾಥರ ಗಾಥೆಯ ಉತ್ತರಾರ್ಧ

ಆಸ್ಟಿನ್ನಿನಿಂದ ಡಲ್ಲಾಸ್ ಬಳಿಯ ಕ್ಯಾರಲ್ಟನ್ನಿನ ಕಾಕಾನ ಮನೆಗೆ ಹೋದಾಗಲೆಲ್ಲ ಅಲ್ಲಿನ ಭಾರತೀಯ ಕಿರಾಣಿ ಅಂಗಡಿಗೆ ಹೊಕ್ಕು ಬರುವುದು ನನ್ನ ರೂಢಿ. ಅಲ್ಲಿ ಹೀರೇಕಾಯಿ ಆರಿಸುತ್ತ ನಿಂತವರನ್ನು ಪಕ್ಕದ ಅಪರಿಚಿತರು ಮಾತನಾಡಿಸುವುದಕ್ಕೊಂದು ನಿಶ್ಚಿತ ಅನುಕ್ರಮವಿದೆ: ಮೊದಲು ಊರು, ಆಮೇಲೆ ಕಂಪನಿ. ಧಾರವಾಡ ಎಂದಾಗ ಅರಳಿದ ಮುಖಗಳು, ಕಂಪನಿಯ ಸರದಿ ಬಂದು ನಾನು 'ಇತಿಹಾಸ' ಎಂದೊಡನೆ ಬಾಡುತ್ತವೆ. ಯಾವ ಇತಿಹಾಸವೆಂದು ಸೌಜನ್ಯಕ್ಕಾಗಿ ಕೇಳಿದವರಿಗೆ, ರೋಮ್ ಸಾಮ್ರಾಜ್ಯದ ಗಡಿಯಲ್ಲಿ ಅಲೆದಾಡುತ್ತಿದ್ದ ಗಾಥರೆಂಬ ಪ್ರಾಚೀನ ಜರ್ಮಾನಿಕ್ ಜನರ ಅಧ್ಯಯನವೇ ನನ್ನ ಹೊಟ್ಟೆಪಾಡು ಎಂದು ವಿವರಿಸುವಷ್ಟರಲ್ಲಿ, ಅವರು ಹಾಗಲಕಾಯಿಯ ಕಡೆ ಹೊರಟುಹೋಗಿರುತ್ತಾರೆ.

ಅವರ ಮೇಲೆ ನನಗೆ ಮುನಿಸಿಲ್ಲ. ಈ ವೃತ್ತಿಯನ್ನು ನಾನೇನೂ ತಪಸ್ಸು ಮಾಡಿ ಪಡೆದದ್ದಲ್ಲ. ಧಾರವಾಡದ ಕಾಲೇಜಿನಲ್ಲಿ ಕದಂಬರ ಮೇಲೊಂದು ಪುಸ್ತಕ ಕೇಳಿ ಚೀಟಿ ಬರೆದುಕೊಟ್ಟಿದ್ದೆ. ನನ್ನ ಅಕ್ಷರಸೌಂದರ್ಯಕ್ಕೆ ಸೋತ ಗ್ರಂಥಪಾಲಕರು ತಂದಿತ್ತದ್ದು ಗಾಥರ ಮೇಲಿನ ದಪ್ಪ ಸಂಪುಟ. ಮರಳಿಸಲು ಸಂಕೋಚಪಟ್ಟು ಓದಿದೆ. ಆ ಸಂಕೋಚವೇ ಮುಂದೆ ಲ್ಯಾಟಿನ್ ಕಲಿಸಿತು, ಟೆಕ್ಸಸ್ಸಿಗೆ ಕರೆತಂದಿತು, ಹದಿನೈದು ವರ್ಷ ದುಡಿಸಿ ಒಂದು ಪುಸ್ತಕವನ್ನೂ ಬರೆಸಿತು. ಅದರ ಸಾರ ಇಷ್ಟೇ: ಗಾಥರೆಂಬುದು ಒಂದು ರಕ್ತವಲ್ಲ, ಒಂದು ಕೂಟ; ದಾರಿಯಲ್ಲಿ ಸಿಕ್ಕವರು, ಸೆರೆಯಾದವರು, ಓಡಿಬಂದವರು ಕೂಡಿಕೊಂಡರು, ಕೂಡಿದವರೆಲ್ಲ ಗಾಥರಾದರು.

ಹೋದ ವರ್ಷ ಹ್ಯೂಸ್ಟನ್ನಿನಿಂದ ಒಂದು ಆಮಂತ್ರಣ ಬಂತು. ಜರ್ಮನ್ ಮೂಲದ ಕುಟುಂಬಗಳ ಪುಟ್ಟ ಸಂಘವೊಂದು ನನ್ನ ಉಪನ್ಯಾಸ ಬಯಸಿತ್ತು. ನನ್ನ ಪುಸ್ತಕವನ್ನು ಓದಿದವರು ಭೂಮಿಯ ಮೇಲಿದ್ದಾರೆಂಬುದೇ ಹಿಗ್ಗುವ ಸಂಗತಿಯಾದ್ದರಿಂದ, ರೌಂಡ್ ರಾಕ್‌ನಲ್ಲಿ ಇಂಜಿನಿಯರಾಗಿರುವ ಗಂಡ ಶ್ರೀಕಾಂತನ ಕೈಲಿ ಕಾರು ಓಡಿಸಿಕೊಂಡು, ರೇಷ್ಮೆ ಸೀರೆಯುಟ್ಟು ಒಂದು ಶನಿವಾರ ಬೆಳಿಗ್ಗೆ ಹೋದೆ.

ಸಭಾಂಗಣದೊಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ವೇದಿಕೆಯ ಹಿಂದೆ ಗೋಡೆಯುದ್ದಕ್ಕೂ ಕಟ್ಟಿದ್ದ ಬ್ಯಾನರಿನಲ್ಲಿ ದೊಡ್ಡಕ್ಷರಗಳು: 'ಗಾಥರು ತಾವು ಒಂದೇ ರಕ್ತದವರೆಂದು ನಂಬಿದ್ದರು.' ಕೆಳಗೆ ನನ್ನ ಹೆಸರು. ವಾಕ್ಯ ನನ್ನದೇ, ಆದರೆ ಅರ್ಧ ಮಾತ್ರ. ಪುಸ್ತಕದಲ್ಲಿ ಅದು ಮುಂದುವರಿದು, 'ಹಾಗೆ ನಂಬಿದವರಲ್ಲಿ ಬಹುಪಾಲು ಮಂದಿಯ ಅಜ್ಜಂದಿರು ಗಾಥರೇ ಆಗಿರಲಿಲ್ಲ' ಎಂದು ಮುಗಿಯುತ್ತದೆ. ಆಯುಷ್ಯವಿಡೀ ಯಾವ ಮಾತನ್ನು ಅಲ್ಲಗಳೆಯಲು ಹೆಣಗಿದೆನೋ ಅದೇ ಮಾತಿಗೆ ನಾನು ಸಾಕ್ಷಿಯಾಗಿ ತೂಗುತ್ತಿದ್ದೆ.

ಸಂಘದ ಅಧ್ಯಕ್ಷರು ವಾಲ್ಟರ್ ಎಂಬ ನಿವೃತ್ತ ಇಂಜಿನಿಯರು. ನನಗಾಗಿ ಕುರ್ಚಿಯನ್ನು ತಾವೇ ಒರೆಸಿಟ್ಟ ಸಜ್ಜನರು. ಉಳಿದರ್ಧ ಎಲ್ಲಿ ಹೋಯಿತೆಂದು ಕೇಳಿದೆ.

"ಪೂರ್ತಿ ಓದಿದ್ದೇನೆ, ಪ್ರೊಫೆಸರ್," ಎಂದರು ಅವರು, ಒಂದಿಷ್ಟೂ ಅಳುಕದೆ. "ಬಟ್ಟೆಯಲ್ಲಿ ಜಾಗ ಸಾಲಲಿಲ್ಲ. ಮೇಲಾಗಿ ಮೊದಲರ್ಧ ನಮ್ಮವರಿಗೆ ಇಷ್ಟವಾಯಿತು."

ಸಿಟ್ಟು ಮಾಡಲು ಒಬ್ಬ ದುಷ್ಟನಾದರೂ ಬೇಕಲ್ಲ! ವೇದಿಕೆಯೇರಿ ನನ್ನ ಸಿದ್ಧ ಉಪನ್ಯಾಸವನ್ನು ಬದಿಗಿಟ್ಟು, ಉಳಿದರ್ಧ ವಾಕ್ಯವನ್ನೇ ಮುಕ್ಕಾಲು ಗಂಟೆ ವಿವರಿಸಿದೆ. ಚಪ್ಪಾಳೆ ಬಿತ್ತು, ಹನಿ ಹನಿಯಾಗಿ. ಮುಂದಿನ ಸಾಲಿನ ವೃದ್ಧೆಯೊಬ್ಬರು ಮಾತ್ರ ಕೈ ಹಿಡಿದು, ತಮ್ಮ ಅಜ್ಜಿ ಜರ್ಮನ್ನಳಲ್ಲ, ಮೆಕ್ಸಿಕೊದವಳೆಂದೂ ಈ ಸಭಾಂಗಣದಲ್ಲಿ ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲವೆಂದೂ ಪಿಸುಗುಟ್ಟಿದರು.

ಮರಳುವಾಗ ದಾರಿಯುದ್ದಕ್ಕೂ ವಾಲ್ಟರನ ಅಪ್ರಾಮಾಣಿಕತೆಯನ್ನು ಖಂಡಿಸುತ್ತ ಬಂದೆ. ಶ್ರೀಕಾಂತ ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಅಂದ: "ನಮ್ಮ ಸ್ಮರಣಸಂಚಿಕೆಯೊಳಗ ನೀನೂ ಅರ್ಧಾನ ಬರದಿ ಅಲ್ಲ?"

ಡಲ್ಲಾಸಿನ ಕನ್ನಡಿಗರ ಸ್ಮರಣಸಂಚಿಕೆಗೆಂದು ಕಾಕಾ ನನ್ನಿಂದ ನಮ್ಮ ಮನೆತನದ ಚರಿತ್ರೆ ಬರೆಸಿದ್ದರು. ಏಳು ತಲೆಮಾರಿನ ಅಖಂಡ ವಂಶ, ಒಂದೇ ಗೋತ್ರ ಎಂದು ಸಂಸ್ಕೃತಭೂಯಿಷ್ಠವಾಗಿ ಬರೆದುಕೊಟ್ಟಿದ್ದೆ. ಆದರೆ ಅಪ್ಪ ತೀರಿಕೊಳ್ಳುವ ಮುನ್ನ ನನಗೊಂದು ಮಾತು ಹೇಳಿದ್ದರು; ನಾನದನ್ನು ಹೇಳಿದ್ದು ಶ್ರೀಕಾಂತನೊಬ್ಬನಿಗೆ. ನನ್ನ ಮುತ್ತಜ್ಜ ಆ ಮನೆಯಲ್ಲಿ ಹುಟ್ಟಿದವರಲ್ಲ. ಹುಬ್ಬಳ್ಳಿಯಲ್ಲಿ ಪ್ಲೇಗು ಬಂದಾಗ ತಂದೆತಾಯಿ ಸತ್ತು, ದಾರಿಬದಿ ಕೂತು ಅಳುತ್ತಿದ್ದ ಮಗುವನ್ನು ಮಕ್ಕಳಿಲ್ಲದ ಆ ಮನೆಯಾಕೆ ಎತ್ತಿಕೊಂಡು ಬಂದಿದ್ದರು. ಗೋತ್ರ ಆಕೆ ಕೊಟ್ಟದ್ದು; ಟೆಕ್ಸಸ್ಸಿನಲ್ಲಿರುವ ನಾವೆಲ್ಲರೂ ಆ ಮಗುವಿನ ಸಂತಾನ. ಗಡಿಯಾಚೆಯ ಅನಾಥರನ್ನೆಲ್ಲ ಹುಡುಕಿ ಹುಡುಕಿ ಗಾಥರ ಗಾಥೆಗೆ ಸೇರಿಸಿದ ನಾನು, ನಮ್ಮ ಮನೆಯ ಅನಾಥನನ್ನು ಹೊರಗಿಟ್ಟಿದ್ದೆ. ನನಗಂತೂ ಬಟ್ಟೆಯ ಅಭಾವವೂ ಇರಲಿಲ್ಲ. ಮೂರು ಪುಟ ಕೊಟ್ಟಿದ್ದರು.

ಮರುದಿನವೇ ಕ್ಯಾರಲ್ಟನ್ನಿಗೆ ಹೋದೆವು. ಎಂಬತ್ತು ದಾಟಿದ ಕಾಕಾ ಚಹಾ ಕುಡಿಯುತ್ತಿದ್ದರು. ಇಳಿವಯಸ್ಸಿನಲ್ಲಿ ಅವರ ಅಭಿಮಾನದ ಅರಮನೆ ಕೆಡವುತ್ತಿದ್ದೇನೆಂಬ ಭಯದಲ್ಲಿ, ತಡವರಿಸುತ್ತ ಎಲ್ಲವನ್ನೂ ಹೇಳಿ ಮುಗಿಸಿದೆ. ಅವರು ಕಪ್ಪು ಕೆಳಗಿಟ್ಟರು.

"ನನಗ ಗೊತ್ತದ," ಎಂದರು. "ಅಜ್ಜ ನನಗ ಸ್ವತಃ ಹೇಳಿದ್ದ. ನಾನು ಸಣ್ಣಾವ ಇದ್ದೆ."

ಹ್ಯೂಸ್ಟನ್ನಿನ ಬ್ಯಾನರಿನ ಮುಂದೆಯೂ ನಾನು ಅಷ್ಟು ದಂಗಾಗಿರಲಿಲ್ಲ. ಮತ್ತೆ ನನ್ನಿಂದ ಹಾಗೇಕೆ ಬರೆಸಿದಿರಿ ಎಂದು ಕೇಳಿದೆ.

"ನಾ ಎಲ್ಲಿ ಹಂಗ ಬರಿ ಅಂದೆ? ಮನೆತನದ ಚರಿತ್ರೆ ಬರಿ ಅಂದೆ. ನೀ ಇತಿಹಾಸ ಓದಿದಾಕಿ, ನೀನಾದರೂ ಬರೀತಿ ಅಂತ ತಿಳಿದಿದ್ದೆ. ನೀ ಬರೀಲಿಲ್ಲ, ನಿನಗ ನಾಚಿಕಿ ಆಗಿರಬೇಕು ಅಂತ ಸುಮ್ಮನಾದೆ."

ಎಷ್ಟೋ ಪರೀಕ್ಷಕರ ಮುಂದೆ ನಿಂತಿದ್ದೇನೆ; ಇಷ್ಟು ಮೆತ್ತಗೆ ನನ್ನನ್ನು ಯಾರೂ ಅನುತ್ತೀರ್ಣಗೊಳಿಸಿರಲಿಲ್ಲ. ಆಗ ನನಗೆ ಕೇಳಬೇಕಾದ ಪ್ರಶ್ನೆ ಹೊಳೆಯಿತು. ಎತ್ತಿಕೊಂಡು ಬಂದಾಗ ಆ ಮಗುವಿಗೊಂದು ಹೆಸರಿದ್ದಿರಬೇಕಲ್ಲ?

"ಇತ್ತು. ಸಾಯೋತನಕ ಮರತಿರಲಿಲ್ಲ. ದುರಗ."

ನಾನು ಜೊತೆಗೆ ತಂದಿದ್ದ ಸಂಚಿಕೆಯನ್ನು ತೆರೆದು, ವಂಶವೃಕ್ಷದಲ್ಲಿ ಮುತ್ತಜ್ಜನ ಶಾಸ್ತ್ರೋಕ್ತ ನಾಮಧೇಯದ ಪಕ್ಕದಲ್ಲಿ ಆ ಹೆಸರು ಬರೆದೆ. ಕಾಕಾ ಕನ್ನಡಕ ಏರಿಸಿಕೊಂಡು ಬಾಗಿ ನೋಡಿದರು.

"ದುರುಗ ಅಲ್ಲ," ಎಂದರು. "ದುರಗ. ಸರಿ ಮಾಡು."

ಸರಿ ಮಾಡಿದೆ.