ಅಕ್ಕ ಕಟ್ಟಿದ ತೂಗುಬುಟ್ಟಿ

ನೀರಲ್ಲಿ ನೆನೆದ ತೆಂಗಿನ ನಾರಿಗೆ ಒಂದು ವಾಸನೆ ಇದೆ. ಹಳೆಯ ಹಗ್ಗ, ಮಳೆಗೆ ಸಿಕ್ಕ ಗೋಣಿಚೀಲ, ಸ್ವಲ್ಪ ಹುಳಿ... ಮೂರೂ ಕಲೆತಂತೆ. ಹಿಟ್ನಾಳದ ಹತ್ತಿರ ಹೆದ್ದಾರಿ ಪಕ್ಕದ ನರ್ಸರಿಯಲ್ಲಿ ತೂಗುಬುಟ್ಟಿ ಕಟ್ಟುವುದೇ ನನ್ನ ಕೆಲಸ. ಹಾಗಾಗಿ ಈ ವಾಸನೆ ನನಗೆ ಹೊಸದಲ್ಲ. ಆದರೂ ಹೋದ ವಾರ ನಾರನ್ನು ನೀರಿನಿಂದ ಎತ್ತಿ ಹಿಂಡುವಾಗ ಕೈ ಹಾಗೇ ನಿಂತಿತು. ಅಕ್ಕ ತೀರಿಕೊಂಡು ಆವತ್ತಿಗೆ ಒಂದು ವರ್ಷವಾಗಿತ್ತು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಬರೆಯುವ ರೂಢಿಯಿಲ್ಲ. ಆದರೆ ಇದನ್ನು ಪೂರ್ತಿಯಾಗಿ ಯಾರ ಮುಂದೂ ಬಾಯಿಬಿಟ್ಟು ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಮಂಗಳೂರು. ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯದು. ಗಂಡ ತೀರಿಹೋದ ಮೇಲೆ ಅಕ್ಕ ನಮ್ಮ ಮನೆಗೆ ಬಂದಳು. ಹಗಲೆಲ್ಲ ನನ್ನ ಹೆಂಡತಿಯ ಚುಚ್ಚುಮಾತು ಕೇಳುತ್ತ ಕೆಲಸ ಮಾಡುವಳು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಹಿತ್ತಲಿಗೆ ಹೋಗಿ ಬುಟ್ಟಿ ಹಿಡಿದು ಕೂರುವಳು. ಹಳೇ ಬೇಲಿ ತಂತಿಯನ್ನು ಬಾಗಿಸಿ ತಾನೇ ಬುಟ್ಟಿ ಹೆಣೆಯುತ್ತಿದ್ದಳು. ಒಳಗೆ ನಾರು ಹಾಸಿ, ಮಸಾರಿಯ ಕೆಂಪು ಮಣ್ಣಿಗೆ ಜರಡಿ ಹಿಡಿದ ತಿಪ್ಪೆಗೊಬ್ಬರ, ಸುಟ್ಟ ಭತ್ತದ ಹೊಟ್ಟು ಕಲಸಿ ತುಂಬುವಳು. ಕಪ್ಪು ಎರೆಮಣ್ಣು ಮಾತ್ರ ಮುಟ್ಟುತ್ತಿರಲಿಲ್ಲ. ಒಣಗಿದರೆ ಬಿರಿಯುತ್ತದೆ, ತೊಯ್ದರೆ ಕೊಕ್ಕೆಯನ್ನೇ ಕಿತ್ತು ಬೀಳಿಸುತ್ತದೆ ಎನ್ನುವಳು.

ಬುಟ್ಟಿಯ ಮೈಗೆ ಸಸಿ ನೆಡುವುದರಲ್ಲಿ ಅವಳ ಜಾಣತನವಿತ್ತು. ಬೇರೆಯವರು ಹೊರಗಿನಿಂದ ಬೇರು ತುರುಕುತ್ತಾರೆ, ಬೇರು ಹರಿಯುತ್ತದೆ. ಅಕ್ಕ ನಿತ್ಯಪುಷ್ಪದ ಸಸಿಯ ತಲೆಗೆ ಶೇಂಗಾ ಪೊಟ್ಟಣದ ಹಾಗೆ ಕಾಗದ ಸುತ್ತಿ, ಒಳಗಿನಿಂದ ಹೊರಕ್ಕೆ ತೂರಿಸಿ, ಆಮೇಲೆ ಕಾಗದ ಬಿಚ್ಚುವಳು. ಬೇರು ಅಲುಗದೆ ಒಳಗೇ ಕೂತಿರುತ್ತಿತ್ತು.

"ಕೂಸಿಗೆ ಅಂಗಿ ತೊಡಸೋವಾಗ ಮೊದ್ಲ ತಲಿ ತೂರಸ್ತೀವಿಲ್ಲೋ, ಹಂಗ," ಎಂದು ನಗುವಳು.

ಆಗ ನನಗೆ ಕೆಲಸವಿರಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಹೊತ್ತು ಸೊಂಟ ಹಿಡಿದು ಮನೆ ಸೇರಿದ್ದೆ. ಒಂದು ದಿನ ಅಕ್ಕನ ಬುಟ್ಟಿಯೊಂದನ್ನು ಈ ನರ್ಸರಿಗೆ ತಂದು ತೋರಿಸಿದೆ. ಮಾಲಕರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನ ಮಾಡಿದವ್ರನ್ನ ಕರ್ಕೊಂಡ ಬರ್ರಿ. ಒಬ್ರು ಬೇಕಾಗ್ಯಾರ, ಖಾಯಂ ಇಟ್ಕೊಂತೀನಿ," ಎಂದರು.

ಮನೆಗೆ ಬಂದು ಹೇಳಿದಾಗ ಅಕ್ಕ ಕೈಯ ಮಣ್ಣು ಉದುರಿಸಿಕೊಂಡಳು. ಆಮೇಲೆ, "ನಂದ ಒಂದ ದುಡಿಮಿ ಆದ್ರ ಹಿಟ್ನಾಳದಾಗ ಖೋಲಿ ಹಿಡೀತೀನಪಾ. ನಿನ್ನ ಹೇಣ್ತಿಗೂ ಉಸರ ಬಿಡಾಕ ಜಾಗ ಆಗತೈತಿ," ಎಂದಳು.

ಮರುದಿನ ಇಬ್ಬರೂ ಹೋದೆವು. ಅಕ್ಕ ನೆರಳಲ್ಲಿ ಕೂತು ಮಣ್ಣು ಕಲಸತೊಡಗಿದಳು. ಮಾಲಕರು ಬಂದು ನನ್ನನ್ನೇ ಕೇಳಿದರು: "ಆ ಬುಟ್ಟಿ ಕಟ್ಟಿದ ಕೈ ಯಾರದು?"

"ನಂದರಿ," ಎಂದೆ. "ಈಕಿ ಮಣ್ಣ ಕಲಸಾಕ ಬಂದಾಳ್ರಿ."

ಮನೆ ಬಿಡುವಾಗ ಹಾಗೆ ಹೇಳಬೇಕೆಂದುಕೊಂಡಿರಲಿಲ್ಲ. ಅಥವಾ ಅಂದುಕೊಂಡಿದ್ದೆನೋ... ಈಗ ಖಾತ್ರಿಯಾಗಿ ಹೇಳಲಾರೆ. ಅಕ್ಕ ತಲೆ ಎತ್ತಲಿಲ್ಲ. ಕಲಸುತ್ತಿದ್ದ ಕೈ ಮಾತ್ರ ಒಂದು ಗಳಿಗೆ ನಿಂತು ಮತ್ತೆ ಕಲಸಿತು.

ಒಂದು ಕಟ್ಟಿ ತೋರಿಸು ಎಂದಾಗ ನಾನು ಮಾಲಕರ ಎದುರೇ ಹೊರಗಿನಿಂದ ಬೇರು ತುರುಕಲು ಹೋದೆ. ಅಕ್ಕ ಸಸಿಯನ್ನು ನನ್ನ ಕೈಯಿಂದ ಇಸಿದುಕೊಂಡು, ಕಾಗದ ಸುತ್ತಿ, ತಲೆ ಯಾವ ಕಡೆ ಇರಬೇಕೋ ಹಾಗೆ ನನ್ನ ಅಂಗೈಯಲ್ಲಿಟ್ಟಳು. ಒಂದಾದ ಮೇಲೆ ಒಂದು, ಬುಟ್ಟಿ ತುಂಬುವ ತನಕ. ನೋಡುವವರಿಗೆ ಆಳೊಬ್ಬಳು ಸಾಮಾನು ಎತ್ತಿಕೊಟ್ಟಂತೆ ಕಂಡಿರಬೇಕು. ಕೆಲಸ ನನ್ನದಾಯಿತು.

ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಊರು ಬಂದಾಗ ಎದ್ದು, "ಇಳೀರಿ ಧಣಿ, ಊರ ಬಂತು," ಎಂದಳು. ನಾನು ನಗಲು ನೋಡಿದೆ. ಅವಳು ನಗಲಿಲ್ಲ.

ಆಮೇಲೆ ಅವಳು ಬುಟ್ಟಿ ಕಟ್ಟಲಿಲ್ಲ. ಆರು ವರ್ಷ ನಮ್ಮ ಮನೆಯಲ್ಲೇ, ಅವೇ ಮಾತುಗಳನ್ನು ಕೇಳುತ್ತ ಇದ್ದಳು. "ತಪ್ಪಾತಬೇ ಅಕ್ಕಾ" ಎನ್ನಬೇಕೆಂದು ಎಷ್ಟೋ ಸಂಜೆ ಮನೆಗೆ ಬಂದಿದ್ದೇನೆ. ತಾಟು ಮುಂದಿಟ್ಟು ಅವಳು ಒಳಗೆ ಹೋಗುತ್ತಿದ್ದಳು. ಜ್ವರದಲ್ಲಿ ಮಲಗಿದಾಗಲೂ ಹೇಳಲಿಲ್ಲ. ಎಚ್ಚರಾದ ಮೇಲೆ ಹೇಳೋಣ ಅಂದುಕೊಂಡು ಪಕ್ಕದಲ್ಲಿ ಕೂತೇ ಇದ್ದೆ...

ಹೋದ ವಾರ, ಅಕ್ಕ ತೀರಿಕೊಂಡು ವರ್ಷ ತುಂಬಿದ ಅದೇ ದಿನ, ಕುಷ್ಟಗಿಯಿಂದ ಸಸಿ ಕೊಳ್ಳಲು ಬಂದ ಹೆಣ್ಣುಮಗಳೊಬ್ಬಳು ನಾನು ಸಸಿ ತೂರಿಸುವುದನ್ನು ನೋಡುತ್ತ ನಿಂತಳು. "ಇದನ್ನ ಯಾರ ಕಡೆ ಕಲ್ತ್ರಿ, ಅಣ್ಣಾರ?"

"ನಮ್ಮ ಅಕ್ಕನ ಕಡೆರಿ," ಎಂದೆ. "ಈ ಕೆಲಸಾನೂ ಆಕೀದ. ನಾ ಕಸಗೊಂಡೆ."

ಮಾಲಕರು ಅಲ್ಲೇ ಇದ್ದರು. ತಿರುಗಿ ನನ್ನನ್ನು ನೋಡಿದರು. ಆ ಹೆಣ್ಣುಮಗಳು ನಾನು ತಮಾಷೆ ಮಾಡಿದೆನೆಂದುಕೊಂಡು ನಕ್ಕಳು. "ಹಂಗಾರ ಒಮ್ಮೆ ಅಕ್ಕಾರನ್ನ ಕರ್ಕೊಂಡ ಬರ್ರಿ. ನಾ ಅವ್ರ ಕಡೇನ ಕಲೀತೀನಿ."

ಅಕ್ಕ ಈಗಿಲ್ಲ ಎಂದು ಹೇಳದೆ ಇನ್ನೊಂದು ಸಸಿಯ ತಲೆಗೆ ಕಾಗದ ಸುತ್ತಿದೆ.

"ಆತ್ರಿ," ಎಂದೆ.