ಭಾವನ ಸೊನ್ನೆ-ಆರು-ನಾಲ್ಕು ಎಂಜಿನ್

ಕಳೆದ ಭಾನುವಾರ ನಾನು ರೈಲು ಹಳಿ ತಪ್ಪಿಸಿದೆ. ಒಂದು ಸಲ ಅಲ್ಲ, ಮೂರು ಸಲ.

(ಗಾಬರಿ ಬೇಡ. ಎಂಜಿನ್ ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ. ಪ್ರಯಾಣಿಕರು ಯಾರೂ ಇರಲಿಲ್ಲ.)

ಆದರೂ ಕೊಚ್ಚಿಯ ಕಲೂರಿನ ಆ ಹಾಲ್‌ನಲ್ಲಿ ನನ್ನ ಎದೆ ಹೊಡೆದುಕೊಂಡ ಹಾಗೆ ಯಾವ ಕೋರ್ಟಿನಲ್ಲೂ ಹೊಡೆದುಕೊಂಡದ್ದಿಲ್ಲ. ಯಾಕೆಂದರೆ ಎಂಜಿನ್ ನನ್ನದಲ್ಲ. ಭಾವನದು.

ಭಾವ ಅಂದರೆ ನಮ್ಮ ವಿಜಯಕ್ಕನ ಗಂಡ, ಶ್ರೀಪತಿ. ನಾವೆಲ್ಲ ಕಾಸರಗೋಡಿನವರು. ನಾನು ವಕೀಲಿಕೆಗೆಂದು ಕೊಚ್ಚಿಗೆ ಬಂದು ನಿಂತೆ. ಭಾವ ಇನ್ನೂ ಕೆಳಗೆ ಇಳಿದು ತಿರುವನಂತಪುರದ ಸರ್ಕಾರಿ ಕಚೇರಿ ಸೇರಿದರು. ಇಡೀ ದಿನ ಕಾನೂನು ಫೈಲು. ಸಂಜೆಯಾದರೆ ಉಗಿ ಎಂಜಿನ್. ಫ್ಲಾಟಿನ ಬಾಲ್ಕನಿಯಲ್ಲಿ ಒಂದು ಮೇಜು ಹಾಕಿಕೊಂಡು, ಚಾಲೈ ಬಜಾರಿನಲ್ಲಿ ಅಲೆದು ತಂದ ಹಿತ್ತಾಳೆ ತಗಡನ್ನು ಕತ್ತರಿಸುವುದು, ಉಜ್ಜುವುದು, ಬೆಸೆಯುವುದು. ಆಟಿಕೆ ಅಲ್ಲ, ನೀರು ಕಾಯಿಸಿ ನಿಜವಾದ ಉಗಿಯಲ್ಲೇ ಓಡುವಂಥದ್ದು.

"ನನಗೆ ಬಟ್ಟೆ ಒಣಗಿಸ್ಲಿಕ್ಕೆ ಜಾಗ ಇಲ್ಲ, ಇವರಿಗೆ ರೈಲ್ವೆ ಸ್ಟೇಷನ್ ಬೇಕು" ಅಂತ ಅಕ್ಕ ಫೋನಿನಲ್ಲಿ ದೂರುತ್ತಿದ್ದಳು. ದೂರುವಾಗಲೇ ನಗುತ್ತಿದ್ದಳು.

ಮಾಡುತ್ತಿದ್ದದ್ದು ಸಾಧಾರಣ ಎಂಜಿನ್ನೂ ಅಲ್ಲ. ಉಗಿ ಎಂಜಿನ್ನುಗಳನ್ನು ಚಕ್ರದ ಲೆಕ್ಕದಲ್ಲಿ ಗುರುತಿಸುತ್ತಾರಂತೆ. ಮುಂದೆ ಎಷ್ಟು, ನಡುವೆ ಎಷ್ಟು, ಹಿಂದೆ ಎಷ್ಟು. ಭಾವನದು ಸೊನ್ನೆ-ಆರು-ನಾಲ್ಕು. ಮುಂದೆ ಸಣ್ಣ ಚಕ್ರ ಒಂದೂ ಇಲ್ಲ. ನಡುವೆ ಎಳೆಯುವ ಆರು ದೊಡ್ಡ ಚಕ್ರ. ಹಿಂದೆ, ಕಲ್ಲಿದ್ದಲು ತುಂಬುವ ಪೆಟ್ಟಿಗೆಯ ಅಡಿಯಲ್ಲಿ, ಅತ್ತಿತ್ತ ತಿರುಗುವ ನಾಲ್ಕು ಪುಟ್ಟ ಚಕ್ರ. ನ್ಯಾರೋ ಗೇಜ್ ಹಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಓಡಿದ್ದು ಬಿಟ್ಟರೆ ಭಾರೀ ಅಪರೂಪವಂತೆ.

"ಯಾರೂ ಮಾಡದ್ದನ್ನೇ ಯಾಕೆ ಭಾವ?" ಅಂತ ಒಮ್ಮೆ ಕೇಳಿದ್ದೆ.

"ಎಲ್ಲರೂ ಮಾಡುದನ್ನು ಎಲ್ಲರೂ ಮಾಡ್ತಾರಲ್ಲ ಮಾರಾಯ!"

ಇದಕ್ಕೆ ಯಾವ ವಕೀಲ ಏನು ವಾದ ಮಾಡಬೇಕು?

ಎಂಜಿನ್ ಮುಗಿಯಿತು, ಇನ್ನು ಓಡಿಸುವುದೇ ಬಾಕಿ ಅನ್ನುವಾಗ ಭಾವನಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು. ಕಾಲು ಸುಧಾರಿಸಿತು. ಬಲಗೈಯಲ್ಲಿ ಹಿಡಿತ ಇಲ್ಲ. ಮಾತು ಹೋಯಿತು. ಪೂರ್ತಿ ಹೋಗಲಿಲ್ಲ, ಅದೇ ಕಷ್ಟ. ಹೇಳಲು ಹೊರಡುತ್ತಾರೆ, ಪದ ಸಿಗುವುದಿಲ್ಲ. ಚಮಚಕ್ಕೆ "ಕೀಲಿಕೈ" ಅನ್ನುತ್ತಾರೆ. ತಪ್ಪಿದೆ ಎಂದು ಅವರಿಗೇ ಗೊತ್ತಾಗಿ ಮುಖ ಸಣ್ಣದಾಗುತ್ತದೆ.

ಮಾತಿನ ಥೆರಪಿಗೆ ಹೋದರೆ ಅಲ್ಲಿ ಮಲಯಾಳಂ, ಇಲ್ಲವೇ ಇಂಗ್ಲಿಷ್. ಹಸುವಿನ ಚಿತ್ರ ತೋರಿಸಿ ಇದೇನು ಅಂತ ಕೇಳಿದರೆ ಭಾವ ಸುಮ್ಮನೆ ನೋಡುತ್ತಾರೆ. ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ "ದನ" ಅನ್ನುತ್ತಾರೆ.

ದಿನ ಕಳೆದಂತೆ ಅಕ್ಕನ ಫೋನಿನಲ್ಲಿ ನಗು ನಿಂತಿತು. ಒಂದು ದಿನ ಮೆಲ್ಲಗೆ ಕೇಳಿದಳು: "ರಘು, ಅವರಿಗೆ ನಾವು ಹೇಳುದು ತಿಳಿಯುದಾದ್ರೂ ಉಂಟಾ? ಅಲ್ಲ, ಸುಮ್ಮನೆ ತಲೆ ಆಡಿಸುದಾ? ಕೆಲಸ ಬಿಡಿಸುದೇ ಒಳ್ಳೆಯದಾ?"

ನಾನು ಕಾನೂನು ಹೇಳಿದೆ. ಸ್ವಯಂ ನಿವೃತ್ತಿ ಹೇಗೆ, ಅವರ ಪರವಾಗಿ ಯಾರು ಸಹಿ ಹಾಕಬಹುದು, ಇತ್ಯಾದಿ. (ಉತ್ತರ ಗೊತ್ತಿಲ್ಲದಾಗ ವಕೀಲರು ಕಾನೂನು ಹೇಳುತ್ತಾರೆ. ನೆನಪಿಟ್ಟುಕೊಳ್ಳಿ.)

ಹೀಗಿರುವಾಗ ಕಲೂರಿನಲ್ಲಿ ಹವ್ಯಾಸಿಗಳ ಮಾಡೆಲ್ ರೈಲು ಪ್ರದರ್ಶನ ಇದೆ ಅಂತ ತಿಳಿಯಿತು. ಭಾವನ ಮಗಳು ಅನಘಾ ಕಾಲೇಜು ಹುಡುಗಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳಂನಲ್ಲಿ. ಪ್ರದರ್ಶನಕ್ಕೆ ಅಪ್ಪನ ಹೆಸರು ಕೊಟ್ಟವಳು ಅವಳೇ. ಕರೆದುಕೊಂಡು ಹೋಗಿಯೇ ಸಿದ್ಧ ಅಂತ ಮಲಯಾಳಂನಲ್ಲೇ ಹಟ. ಭಾವ ಎಂಜಿನ್ನನ್ನು ಬೆಡ್‌ಶೀಟಿನಲ್ಲಿ ಸುತ್ತಿಸಿ, ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು, ಅಕ್ಕ ಮತ್ತು ಅನಘಾ ಜತೆ ರೈಲಿನಲ್ಲಿ ಬಂದರು.

ಹಾಲ್ ತುಂಬ ಜನ. ಮಧ್ಯದಲ್ಲಿ ಮೇಜುಗಳನ್ನು ಜೋಡಿಸಿ ಸುತ್ತು ಹಳಿ ಹಾಕಿದ್ದರು. ಭಾವನ ಬಲಗೈಗೆ ಹಿಡಿತ ಇಲ್ಲದ ಕಾರಣ ಡ್ರೈವರ್ ನಾನು. ನೀರು ತುಂಬಿ, ಸ್ಪಿರಿಟ್ ದೀಪ ಹಚ್ಚಿ ಕಾದೆವು. ಸುಂಯ್ ಅಂತ ಸದ್ದು ಬಂತು. ಚಿಮಣಿ ಮುಂದೆ, ಎರಡು ಬೋಗಿ ಹಿಂದೆ. ಲಿವರ್ ಒತ್ತಿದೆ. ಹೊರಟಿತು! ಜನ ಚಪ್ಪಾಳೆ ತಟ್ಟಿದರು. ಮೊದಲ ತಿರುವು ಬಂತು. ಮುಂದಿನ ದೊಡ್ಡ ಚಕ್ರ ಹಳಿ ಹತ್ತಿ ಆಚೆ ಇಳಿಯಿತು. ಎಂಜಿನ್ ವಾಲಿ ನಿಂತಿತು.

ಭಾವ ಏನೋ ಹೇಳಲು ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. ಕೊನೆಗೆ ಒಂದು ಪದ ಬಂತು.

"ಹಿಂದೆ."

ಬಿಸಿ ಉಗಿ, ಮಕ್ಕಳು ಮೇಜಿಗೆ ಒತ್ತಿ ನಿಂತಿದ್ದಾರೆ. ಸರಿ ಅಲ್ವಾ? "ಎಲ್ಲಾರುಂ ಪುರಕೋಟ್ಟು!" ಅಂತ ಕೂಗಿ ಎಲ್ಲರನ್ನೂ ಹಿಂದೆ ಸರಿಸಿದೆ. ಭಾವ ಅಲ್ಲ, ಅಲ್ಲ ಅನ್ನುವಂತೆ ಜೋರಾಗಿ ತಲೆ ಅಲ್ಲಾಡಿಸಿದರು. ಎಂಜಿನ್ನನ್ನು ಹಳಿಗೆ ಹತ್ತಿಸಿ ಮತ್ತೆ ಬಿಟ್ಟೆ. ಅದೇ ತಿರುವು, ಅದೇ ಕಥೆ.

"ಹಿಂದೆ. ಹಿಂದೆ!"

ಓಹೋ, ಹಿಂದಿನ ಬೋಗಿ ಭಾರ ಆಯಿತೇನೋ. ಒಂದು ಬೋಗಿ ಕಳಚಿದೆ. ಮೂರನೇ ಸಲವೂ ಬಿತ್ತು. ಯಾರೋ ಕಿಸಕ್ಕೆಂದರು. ಭಾವ ಎಡಗೈಯಿಂದ ತೊಡೆಗೆ ಹೊಡೆದುಕೊಳ್ಳತೊಡಗಿದರು. ಕಣ್ಣಲ್ಲಿ ನೀರು. "ಹಿಂದೆ, ಹಿಂದೆ, ಹಿಂದೆ..."

ನಿಜ ಹೇಳುತ್ತೇನೆ. ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದು ಒಂದೇ. ಮುಗಿಯಿತು, ಬುದ್ಧಿಗೂ ಪೆಟ್ಟು ಬಿದ್ದಿದೆ. ತಾವೇ ಮಾಡಿದ ಎಂಜಿನ್ನು ಇವರಿಗೆ ಮರೆತುಹೋಗಿದೆ. ಅನಘಾ ಅಪ್ಪನ ಭುಜ ಹಿಡಿದುಕೊಂಡು ಅಳು ತಡೆಯುತ್ತಿದ್ದಳು. ಇವರನ್ನು ಇಷ್ಟು ಜನರ ಎದುರು ತಂದು ನಿಲ್ಲಿಸಿದ್ದೇ ತಪ್ಪಾಯಿತು ಅನ್ನಿಸಿ, ದೀಪ ಆರಿಸಲು ಬಗ್ಗಿದೆ.

"ನಿಲ್ಲು!"

ಅಕ್ಕ. ಕುರ್ಚಿ ತಳ್ಳಿ ಎದ್ದು ಬಂದಿದ್ದಳು.

"ಅವರು ಜನರಿಗೆ ಹೇಳುದಲ್ಲ ರಘು. ಎಂಜಿನ್ನಿಗೆ ಹೇಳುದು. ಹಿಂದಕ್ಕೆ ಓಡಿಸು."

"ರಿವರ್ಸಾ?"

"ಹೌದು ಮಾರಾಯ! ಇದಕ್ಕೆ ಮುಂದೆ ಸಣ್ಣ ಚಕ್ರ ಇಲ್ಲ ಅಲ್ವಾ? ದಾರಿ ಹಿಡಿಸುವವರು ಯಾರೂ ಇಲ್ಲ, ಹಾಗಾಗಿ ತಿರುವಿನಲ್ಲಿ ದೊಡ್ಡ ಚಕ್ರ ಹಳಿ ಹತ್ತುದು. ಆ ನಾಲ್ಕು ಪುಟ್ಟ ಚಕ್ರ ಮೊದಲು ಹೋದ್ರೆ ಅದು ಮೆಲ್ಲ ತಿರುಗಿಸಿ ಕೊಡ್ತದೆ. ನಾನು ದೋಸೆ ಹೊಯ್ಯುವಾಗೆಲ್ಲ ಪಕ್ಕ ನಿಂತು ಇದೇ ಪುರಾಣ ಹೇಳಿದ್ದಾರೆ. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ!"

ಭಾವನನ್ನು ನೋಡಿದೆ. ತೊಡೆ ಹೊಡೆಯುವುದು ನಿಂತಿತ್ತು. ಎಡಗೈ ಅಕ್ಕನ ಮಣಿಕಟ್ಟನ್ನು ಹಿಡಿದಿತ್ತು. ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ.

ಬೋಗಿಗಳನ್ನು ಚಿಮಣಿಯ ಕಡೆ ಜೋಡಿಸಿದೆ. ಲಿವರನ್ನು ಹಿಮ್ಮುಖ ಮಾಡಿದೆ. ಬೆನ್ನು ಮುಂದೆ ಮಾಡಿಕೊಂಡು ಎಂಜಿನ್ ಹೊರಟಿತು. ತಿರುವು ಬಂತು. ನಾಲ್ಕು ಪುಟ್ಟ ಚಕ್ರ ಮೊದಲು ಬಾಗಿದವು, ಆರು ದೊಡ್ಡವು ಸಾಧುವಾಗಿ ಹಿಂಬಾಲಿಸಿದವು. ಒಂದು ಸುತ್ತು. ಇನ್ನೊಂದು. ಮತ್ತೊಂದು. ಅಲ್ಲಾಡಲಿಲ್ಲ!

ಹಾಲ್‌ಗೆ ಹಾಲೇ ಕೂಗಿತು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಹೆಗಲು ಕುಲುಕುತ್ತಿತ್ತು. ಅಳುವೋ ನಗುವೋ, ಕೇಳುವ ಧೈರ್ಯ ನನಗಿರಲಿಲ್ಲ. ನಾನು ಅಕ್ಕನ ಕುರ್ಚಿಯಲ್ಲಿ ಕೂತುಬಿಟ್ಟೆ. ಭಾವ ಇದ್ದಾರೆ. ಒಳಗೆ ಪೂರ್ತಿ ಇದ್ದಾರೆ. ಬಾಗಿಲು ಮಾತ್ರ ಸಿಕ್ಕಿಕೊಂಡಿದೆ.

ಆಯೋಜಕರು ಬಂದು ಇಂಗ್ಲಿಷಿನಲ್ಲಿ, ಇದು ಯಾವ ಬಗೆಯ ಎಂಜಿನ್ ಸರ್ ಅಂತ ಕೇಳಿದರು. ಅನಘಾ ಉತ್ತರಿಸಲು ಹೊರಟಳು. ಭಾವ ಕೈ ಎತ್ತಿ ಅವಳನ್ನು ತಡೆದರು. ತುಂಬ ಹೊತ್ತು ತೆಗೆದುಕೊಂಡರು. ಯಾರೂ ಅವಸರ ಮಾಡಲಿಲ್ಲ.

"ಸೊನ್ನೆ... ಆರು... ನಾಲ್ಕು."

ಅಚ್ಚ ಕನ್ನಡದಲ್ಲಿ. ಆಯೋಜಕರಿಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ಕೈ ಕುಲುಕಿದರು. ಅನಘಾ ಅಪ್ಪನ ಕಿವಿಯ ಹತ್ತಿರ ಬಗ್ಗಿ, "ಅಪ್ಪಾ, ಇನ್ನೊಂದು ಸಲ ಓಡಿಸುವಾ?" ಅಂದಳು. ಹೌದು, ಕನ್ನಡದಲ್ಲಿ. ನಾನು ಅಕ್ಕನ ಮುಖ ನೋಡಿದೆ, ಅಕ್ಕ ನನ್ನ ಮುಖ ನೋಡಿದಳು.

ಭಾವನ ಮಾತು ಮರಳಿತು ಅಂತ ನಾನು ಹೇಳುತ್ತಿಲ್ಲ. ಮರುದಿನ ತಿಂಡಿಗೆ ಕೂತಾಗಲೂ ಚಮಚ ಕೀಲಿಕೈಯೇ ಆಗಿತ್ತು. ನಿಧಾನ, ತುಂಬ ನಿಧಾನ ಅನ್ನುತ್ತಾರೆ ಡಾಕ್ಟರು. ಆದರೆ ಥೆರಪಿಸ್ಟ್ ಜತೆ ಅಕ್ಕ ಮಾತಾಡಿದ್ದಾಳೆ. ಇನ್ನು ಮುಂದೆ ಅವಳೂ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕೇಳುತ್ತಾಳೆ. ಸ್ವಯಂ ನಿವೃತ್ತಿಯ ಮಾತು ತೆಗೆದರೆ, "ಎಂತ ನಿವೃತ್ತಿ? ರಜೆ ಉಂಟಲ್ಲ ಇನ್ನೂ!" ಅಂತ ನನ್ನನ್ನೇ ಗದರುತ್ತಾಳೆ. ಫೋನಿನಲ್ಲಿ ನಗುತ್ತಾಳೆ.

ಯಾರಿಗಾದರೂ ಪದ ಸಿಗದಿದ್ದರೆ ಅವರಿಗೆ ತಿಳಿವಳಿಕೆಯೇ ಇಲ್ಲ ಅಂತ ಎಷ್ಟು ಬೇಗ ತೀರ್ಮಾನಿಸಿಬಿಡುತ್ತೇವೆ! ಪಾಪ, ಆ ಮನುಷ್ಯ ಸರಿಯಾದ ಪದವನ್ನೇ ಹೇಳುತ್ತಿದ್ದರು. ಮತ್ತೆ ಮತ್ತೆ ಹೇಳುತ್ತಿದ್ದರು. ಕನ್ನಡ ಬಲ್ಲವರ ಎದುರಿಗೇ ಹೇಳುತ್ತಿದ್ದರು.

ಸ್ಟ್ರೋಕ್ ಹೊಡೆದದ್ದು ಭಾವನ ನಾಲಿಗೆಗೆ; ನಮ್ಮ ಕಿವಿಗೆ ಏನಾಗಿತ್ತು?