ಬಚ್ಚಲ ಗೋಡೆಯ ಕೆಂಪು

"ಮರ ಹತ್ತುತೀನ್ರವ್ವೋ..."

ಹಾಲ್ಕುರಿಕೆ ಸೀಮೆಯ ಆ ಊರಿನಲ್ಲಿ ಬೆಳಿಗ್ಗೆ ಈ ಕೂಗು ಕೇಳಿದರೆ ಹಿತ್ತಿಲ ಬಚ್ಚಲಲ್ಲಿದ್ದ ಹೆಂಗಸರು ಬೇಗ ಬೇಗ ಒಳಗೆ ಹೋಗುತ್ತಿದ್ದರು. ಬಚ್ಚಲಿಗೆ ಎದೆಮಟ್ಟದ ಗೋಡೆಯಿತ್ತೇ ಹೊರತು ಸೂರಿರಲಿಲ್ಲ. ಒಳಗೆ ಯಾರಾದರೂ ಇದ್ದರೆ ಗೋಡೆಯ ಮೇಲೆ ಸೀರೆ ಇರುತ್ತಿತ್ತು. ಅದು ಕಂಡರೆ ಕಾಯಿ ಕೀಳುವ ಗಿಡ್ಡಯ್ಯ ಅರ್ಧ ಹತ್ತಿದ ತೆಂಗಿನ ಮರದಿಂದಲೂ ಇಳಿದು, ಬುಡದಲ್ಲಿ ಬೀಡಿ ಹಚ್ಚಿ ಕೂರುತ್ತಿದ್ದ. ಇಪ್ಪತ್ತು ವರ್ಷ ಕಾಯಿ ಕಿತ್ತವನ ಮೇಲೆ ಒಂದು ಮಾತು ಬಂದಿರಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಅವನಿಗೆ ಬಣ್ಣದ ಹುಚ್ಚು ಹಿಡಿಯಿತು. ಡ್ರಾಯಿಂಗ್ ಮೇಷ್ಟ್ರು ಶಂಭುಲಿಂಗಯ್ಯನವರ ಮನೆಗೆ ಎಳನೀರು ಕೊಡಲು ಹೋದವನು, ಒದ್ದೆ ಹಾಳೆಯ ಮೇಲೆ ನೀಲಿ ತಾನಾಗಿ ಹರಡಿ ಆಕಾಶವಾದದ್ದು ಕಂಡು ಅಲ್ಲೇ ಕುಕ್ಕರಿಸಿದ.

"ಮೊದಲು ನೀರು, ಆಮೇಲೆ ಬಣ್ಣ. ತಪ್ಪಿದ್ರೆ ಅಳಿಸೋಕಾಗಲ್ಲ ಕಣಯ್ಯ," ಎಂದು ಮೇಷ್ಟ್ರು ಕುಂಚ ಕೊಟ್ಟರು.

ಮೇಷ್ಟ್ರು ತೋಟವನ್ನು ನೆಲದಲ್ಲಿ ನಿಂತು ಬರೆಯುತ್ತಿದ್ದರು. ಗಿಡ್ಡಯ್ಯ ಮರದ ಮೇಲಿಂದ ಕಂಡಂತೆ ಬರೆದ. ಗರಿ ಬಿಚ್ಚಿಕೊಂಡ ಮರದ ತಲೆಗಳು, ನಡುವೆ ಹೆಂಚಿನ ಮನೆ, ಆಚೆ ಬಿಸಿಲು ಬಿದ್ದ ಹೊಲ. ಮೇಷ್ಟ್ರು ಹಿಗ್ಗಿ ಅದನ್ನು ತಮ್ಮ ಜಗುಲಿಯ ಗೋಡೆಗೆ ತೂಗುಹಾಕಿದರು.

ಭಾನುವಾರ ನಾಲ್ಕಾರು ಜನ ನೋಡಲು ಬಂದರು. ಮರ ಹತ್ತಿದಾಗೆಲ್ಲ ಗಿಡ್ಡಯ್ಯನಿಗೆ ಮಜ್ಜಿಗೆ ಕೊಡುತ್ತಿದ್ದ ಹೊಂಬಾಳಮ್ಮ ಹತ್ತಿರ ಹೋಗಿ ಬಗ್ಗಿದರು.

"ಇದು ನಮ್ಮನೆ ಅಲ್ವೇನ್ಲಾ?"

"ಹೂಂ ಕಣ್ರವ್ವ."

"ಬಚ್ಚಲ ಗೋಡೆ ಮೇಲೆ ಕೆಂಪಗೆ ಏನ್ಲಾ ಅದು?"

ಗಿಡ್ಡಯ್ಯ ಆ ಕೆಂಪನ್ನೇ ನೋಡಿದ. ಕುಂಚ ಹಿಡಿದಾಗ ಅದು ಬರೀ ಬಣ್ಣವಾಗಿತ್ತು. ಅಷ್ಟೊಂದು ಹಸಿರಿಗೆ ಬೇಕೆನಿಸಿದ ಒಂದು ತೊಟ್ಟು ಕೆಂಪು. ಈ ನೋಟ ಕಂಡ ಬೆಳಿಗ್ಗೆ ಮರ ಹತ್ತುವ ಮೊದಲು ಅವನು ಕೂಗಿದ್ದ, ನಿಜ. ಗೋಡೆಯ ಮೇಲೆ ಕೆಂಪು ಸೀರೆಯೂ ಕಂಡಿತ್ತು. ಇಳಿಯಬೇಕಿತ್ತು. ಹೊಲದ ಮೇಲೆ ಬಿಸಿಲು ಆಗತಾನೆ ಹರಡುತ್ತಿತ್ತು, ಇನ್ನೊಂದು ಗಳಿಗೆ ನೋಡಿಬಿಡೋಣವೆಂದು ಕೂತುಬಿಟ್ಟಿದ್ದ. ಬಚ್ಚಲ ಕಡೆ ಮತ್ತೆ ಕಣ್ಣು ಹಾಕಿರಲಿಲ್ಲ. ಹಾಗೆಂದರೆ ನಂಬುವವರು ಯಾರು?

"ಒಣಮೆಣಸಿನಕಾಯಿ ಇರಬೇಕು ಕಣಮ್ಮ," ಎಂದರು ಮೇಷ್ಟ್ರು, ಅವನ ಮುಖ ನೋಡಲಾರದೆ.

"ಬಚ್ಚಲಲ್ಲಿ ಯಾರ್ರೀ ಮೆಣಸಿನಕಾಯಿ ಒಣಗಿಸ್ತಾರೆ, ಮೇಷ್ಟ್ರೇ?"

"ನಾಲ್ಕು ಕಾಯಿ ಕೀಳೋಕೆ ಅಷ್ಟೊತ್ತು ಯಾಕಾಯ್ತದೆ ಅಂತ ಈಗ ಗೊತ್ತಾಯ್ತು ಬುಡು," ಎಂದ ಪಕ್ಕದ ತೋಟದ ಚಿಕ್ಕಣ್ಣ. ಯಾರೋ ಕಿಸಕ್ಕನೆ ನಕ್ಕರು.

ಗಿಡ್ಡಯ್ಯ ಹೆಬ್ಬೆರಳನ್ನು ಎಂಜಲು ಮಾಡಿ ಆ ಕೆಂಪನ್ನು ಉಜ್ಜಿದ. ಅದು ಗೋಡೆಯಿಂದ ಇಳಿದು ಹಿತ್ತಿಲೆಲ್ಲ ಹರಡಿಕೊಂಡಿತು.

"ಬುಡು, ಉಜ್ಜಬೇಡ." ಹೊಂಬಾಳಮ್ಮನ ದನಿ ಇಳಿದಿತ್ತು. "ನೀನು ಕೂಗ್ತೀಯ ಅನ್ನೋ ಧೈರ್ಯದ ಮೇಲೆ ಇಷ್ಟು ವರ್ಷ ನೀರು ಹಾಕ್ಕೊಂಡ್ವಿ. ಅವತ್ತು ನಂಗೇ ಕೇಳಿಸ್ಲಿಲ್ಲ ಅನ್ಕೋ. ಸೀರೆ ಕಂಡ್ಮೇಲೂ ಯಾಕ್ಲಾ ಇಳೀಲಿಲ್ಲ? ಏನಾದ್ರೂ ಒಂದು ಹೇಳು. ನಾಳೆ ನಮ್ ತೋಟಕ್ಕೆ ನೀನು..."

ಗಿಡ್ಡಯ್ಯ ಕೆಂಪಾದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಜಗುಲಿ ಇಳಿದ. ಆಕೆ ಇನ್ನೂ ಮಾತಾಡುತ್ತಿದ್ದರು. ಹಿತ್ತಿಲುಗಳ ಬದಿಗೇ ಹಾಯುವ ತೋಟದೊಳಗಿನ ಹತ್ತಿರದ ದಾರಿ ಬಿಟ್ಟು ಬೀದಿಯ ನಟ್ಟನಡುವೆ, ತಲೆಯೆತ್ತದೆ ನಡೆದ.